ಗಾದಿಲಿಂಗಮ್ಮನ ಅಂಬಲಿ ಗಡಿಗೆ

ಗಾದಿಲಿಂಗಮ್ಮನಿಗೆ ಚಹಾ ಬಿಡು ಎಂದು ಮೊದಲು ಹೇಳಿದ್ದು ಅವಳ ಹೊಟ್ಟೆ. ನಾಲ್ಕು ವರ್ಷ ಅವಳು ಅದರ ಮಾತಿಗೆ ಕಿವಿಗೊಡಲಿಲ್ಲ.

ಆದವಾನಿಯ ಸ್ಟೇಷನ್ನಿನ ಆಚೆ ಹತ್ತಿ ಮಿಲ್ಲುಗಳ ಸಾಲಿನಲ್ಲಿ ಕಟ್ಟಕಡೆಯ ಮಿಲ್ಲಿನಲ್ಲಿ ಅವಳಿಗೆ ಕೂಲಿ. ಬಂಡಿಗಳಲ್ಲಿ ಬಂದು ಬಿದ್ದ ಹತ್ತಿಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಯಂತ್ರದ ಬಾಯಿಗೆ ತುರುಕಬೇಕು. ಯಂತ್ರ ಕಾಳನ್ನು ಒಂದು ಕಡೆ ಉದುರಿಸಿ ಅರಳೆಯನ್ನು ಇನ್ನೊಂದು ಕಡೆ ಉಗುಳುತ್ತಿತ್ತು. ನಡುವೆ ಏಳುವ ಧೂಳು ಅಲ್ಲಿ ನಿಂತ ನಲವತ್ತು ಹೆಂಗಸರ ಮೂಗು ಗಂಟಲುಗಳಿಗೆ ಇಳಿಯುತ್ತಿತ್ತು. ದೀಪಾವಳಿ ಮುಗಿದ ಮೇಲೆ ಶುರುವಾದ ಕೆಲಸ ಬೇಸಿಗೆ ಕಳೆಯುವವರೆಗೂ ನಡೆಯುತ್ತಿತ್ತು.

ಮುಂಜಾನೆ ಮಿಲ್ಲಿನ ಕೂಗಿಗೆ ಮೊದಲೇ ಗೇಟಿನ ಮುಂದಿರಬೇಕು. ಒಲೆ ಹೊತ್ತಿಸಿ ಉಂಡು ಬರುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹಸಿದ ಹೊಟ್ಟೆಗೆ ಬಜಾರಪ್ಪನ ಚಹಾ ಇತ್ತು. ಗೇಟಿನ ಎದುರಿಗೇ ಅವನ ತಗಡಿನ ಹೋಟ್ಲು. ಹೊತ್ತು ಒಂದು ಮಾರು ಏರುವಷ್ಟರಲ್ಲಿ ಅವನ ಚಹಾದ ಕಿಟ್ಲಿ ಮಿಲ್ಲಿನೊಳಗೆ ಬರುತ್ತಿತ್ತು, ಮಧ್ಯಾಹ್ನ ಗಂಟಲು ಕಟ್ಟಿದಾಗ ಅವನದೇ ಗೋಲಿ ಸೋಡಾ. ಚಹಾ ಹಸಿವನ್ನು ಸಾಯಿಸುತ್ತದೆ, ಸೋಡಾ ಹತ್ತಿಯ ಧೂಳನ್ನು ಕೆಳಗೆ ತಳ್ಳುತ್ತದೆ ಎಂದು ಹೆಂಗಸರು ನಂಬಿದ್ದರು. ಹಾಗೆಂದು ಅವರಿಗೆ ಹೇಳಿದವನು ಮೇಸ್ತ್ರಿ ಏಕಾಂತಪ್ಪ. ಬಜಾರಪ್ಪ ಅವನ ತಂಗಿಯ ಗಂಡ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ, ಆದರೆ ಒಂದಕ್ಕೊಂದು ಕೂಡಿಸಿ ನೋಡಿದವರಿರಲಿಲ್ಲ.

ಮಾದರ ಕೇರಿಯಿಂದ ಬರುವ ಎಂಟು ಹೆಂಗಸರಿಗೆ ಮಾತ್ರ ಕಪ್ಪಿನಲ್ಲಿ ಚಹಾ ಇಲ್ಲ. ಅವರು ತಾವೇ ತಂದ ತೆಂಗಿನ ಚಿಪ್ಪು ಹಿಡಿದು ದೂರ ನಿಲ್ಲಬೇಕು, ಕಿಟ್ಲಿ ಮೇಲಿನಿಂದ ಬಾಗುತ್ತಿತ್ತು. ಗಾದಿಲಿಂಗಮ್ಮ ಕುರುಬರವಳು, ಅವಳಿಗೆ ಕಪ್ಪು ಸಿಗುತ್ತಿತ್ತು. ಚಿಪ್ಪು ಹಿಡಿದವರ ಕಡೆ ಅವಳು ಒಮ್ಮೆಯೂ ತಿರುಗಿ ನೋಡಿದವಳಲ್ಲ.

ಮೂವತ್ತನಾಲ್ಕನೆಯ ವಯಸ್ಸಿಗೆ ಅವಳ ದಿನಕ್ಕೆ ಆರು ಚಹಾ, ಒಂದು ಸೋಡಾ ಆಗಿತ್ತು. ಎದೆಯ ಕೆಳಗೆ ಕೆಂಡ ಇಟ್ಟಂಥ ಉರಿ. ಊಟಕ್ಕೆ ಕೂತರೆ ಎರಡು ತುತ್ತಿಗೆ ಕಹಿ ನೀರು ಬಾಯಿಗೆ ಬರುತ್ತಿತ್ತು. ಉರಿಗೆ ಸೋಡಾ ಒಳ್ಳೆಯದೆಂದು ಬಜಾರಪ್ಪ ಹೇಳಿದ, ಎರಡನೆಯ ಸೋಡಾವನ್ನೂ ಕುಡಿದಳು. ಉರಿ ಹೆಚ್ಚಾಯಿತು.

ಅದು ೧೯೫೫ನೇ ಇಸವಿ. ಆದವಾನಿಯನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಕರ್ನೂಲಿಗೆ ಸೇರಿಸಿ ಎರಡು ವರ್ಷವೂ ಆಗಿರಲಿಲ್ಲ. ಆ ಮಾಘದಲ್ಲಿ ಅವಳ ಅಣ್ಣ ಪಂಪಣ್ಣನ ಮಗಳ ಮದುವೆ ಬಂತು. ತುಂಗಭದ್ರೆಯ ದಂಡೆಯ ಮಾಧವರಂ ಅವಳ ತವರು. ಹತ್ತು ದಿನ ಇದ್ದಳು. ಅಲ್ಲಿ ಚಹಾ ಕಾಸುವವರಿರಲಿಲ್ಲ. ಮುಂಜಾನೆ ಎದ್ದರೆ ಹುಳಿ ಬಂದ ಜೋಳದ ಅಂಬಲಿ, ಮೇಲೆ ಮಜ್ಜಿಗೆ, ಕಚ್ಚಿಕೊಳ್ಳಲು ಉಳ್ಳಾಗಡ್ಡೆ. ಮೊದಲ ಮೂರು ದಿನ ತಲೆ ಸಿಡಿದು ಹೋಳಾಗುವುದೇ ಎನ್ನಿಸಿತು. ಹಣೆಗೆ ಬಟ್ಟೆ ಬಿಗಿದು ಮೂಲೆಯಲ್ಲಿ ಬಿದ್ದುಕೊಂಡಳು, ಮಾತಾಡಿಸಿದವರ ಮೇಲೆಲ್ಲ ಹರಿಹಾಯ್ದಳು. ನಾಲ್ಕನೆಯ ದಿನ ತಲೆ ಬಿಟ್ಟಿತು. ಆರನೆಯ ದಿನ ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈ ಚಾಚಿದಾಗ ಹೊಟ್ಟೆ ಉರಿದಿಲ್ಲವೆಂಬುದು ಅವಳ ಗಮನಕ್ಕೆ ಬಂತು.

ಪಂಪಣ್ಣ ಕುರಿ ಮೇಯಿಸುವವನು, ಮಾತು ಕಡಿಮೆ. ಅವನು ಅಂದದ್ದು ಇಷ್ಟು: "ನನ್ನ ಕುರಿಗೂ ಗೊತ್ತೈತಿ ಯಾ ನೀರಿಗೆ ಬಾಯಿ ಹಾಕಬೇಕು, ಯಾ ನೀರಿಗೆ ಹಾಕಬಾರದು ಅಂತ. ಪ್ಯಾಟಿ ಸೇರಿದಾಕಿ, ನಿನಗ ಗೊತ್ತಾಗಲಿಲ್ಲ."

ಆ ಮಾತು ಅವಳಿಗೆ ಮುಳ್ಳಿನಂತೆ ನಟ್ಟಿತು. ಆದವಾನಿಗೆ ಬಂದವಳೇ ಹಿತ್ತಾಳೆ ಚಂಬಿನಲ್ಲಿ ಅಂಬಲಿ ತುಂಬಿಕೊಂಡು ಮಿಲ್ಲಿಗೆ ಹೊರಟಳು. ಕಿಟ್ಲಿ ಬಂದಾಗ ಕೈ ಅಡ್ಡ ಹಿಡಿದಳು. ಹೆಂಗಸರಲ್ಲಿ ಹಿರಿಯಳು ಬಸವಕ್ಕ, ಅವಳ ನಗೆಗೆ ಮಿಲ್ಲಿನ ಸದ್ದೂ ತಗ್ಗುತ್ತಿತ್ತು.

"ಏನವ್ವಾ ಗಾದಿಲಿಂಗಿ, ಕುರಿ ಕಾಯಾಕ ಹೊಂಟಿಯೇನು ಚಂಬು ಹಿಡಕೊಂಡು? ಪ್ಯಾಟ್ಯಾಗ ಯಾರ ಕುಡೀತಾರ ಅಂಬಲಿ!"

"ನಾ ಕುಡೀತೀನಿ," ಎಂದಳು ಗಾದಿಲಿಂಗಮ್ಮ. "ನೀ ನಗು. ನಕ್ಕು ನಕ್ಕು ಹೊಟ್ಟಿ ಉರಿ ಹೋದ್ರ ನನಗೂ ಹೇಳು."

ಶಿವರಾತ್ರಿ ಕಳೆದು ಬಿಸಿಲು ಬಲಿತ ಒಂದು ದಿನ, ಮಾದರ ಕೇರಿಯ ಮಾರೆಮ್ಮ ಬುಟ್ಟಿ ಹೊತ್ತವಳು ಹೊತ್ತಂತೆಯೇ ಹತ್ತಿಯ ರಾಶಿಯ ಮೇಲೆ ಮುಖ ಕೆಳಗಾಗಿ ಬಿದ್ದಳು. ಹೆರಿಗೆಯಾಗಿ ನಾಲ್ಕು ತಿಂಗಳ ಬಾಣಂತಿ. "ಸೋಡಾ ತರ್ರಿ, ಮಾರಿಗೆ ಗೊಜ್ರಿ," ಎಂದು ಏಕಾಂತಪ್ಪ ಕೂಗಿದ. ಅವಳ ಕೇರಿಯವರು ಆಚೆ ತುದಿಯಲ್ಲಿದ್ದರು, ಉಳಿದವರು ನಿಂತಲ್ಲೇ ನಿಂತರು. ಹತ್ತಿರವಿದ್ದವಳು ಗಾದಿಲಿಂಗಮ್ಮ. ಓಡಿ ಹೋಗಿ ತಲೆಯೆತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಮುಂಜಾನಿಂದ ಏನ್ ತಿಂದಿ?"

"ಚಾ, ಯಕ್ಕಾ," ಎಂದಳು ಮಾರೆಮ್ಮ ಕಣ್ಣು ಮುಚ್ಚಿಕೊಂಡೇ. "ನಾಕು ಸರ್ತಿ."

ಗಾದಿಲಿಂಗಮ್ಮ ಚಂಬಿನ ಬಾಯನ್ನು ಅವಳ ತುಟಿಗೆ ಹಚ್ಚಿದಳು. ಎತ್ತರದಿಂದ ಹೊಯ್ಯಬೇಕೆಂಬುದು ಆ ಗಳಿಗೆಯಲ್ಲಿ ಅವಳಿಗೆ ನೆನಪೇ ಆಗಲಿಲ್ಲ. ಗುಟುಕು ಗುಟುಕಾಗಿ ಅಂಬಲಿ ಒಳಗಿಳಿಯಿತು. ಸ್ವಲ್ಪ ಹೊತ್ತಿಗೆ ಮಾರೆಮ್ಮ ಎದ್ದು ಕೂತು ತುಟಿ ಒರೆಸಿಕೊಂಡಳು. ಚಂಬನ್ನು ಕಂಡು ಅವಳ ಮುಖ ಬಿಳಿಚಿತು. "ಯಕ್ಕಾ, ನಿನ್ನ ಚಂಬಿಗೆ ನನ್ನ ಬಾಯಿ ಹತ್ತಿತಲ್ಲ."

ಎಲ್ಲರ ಕಣ್ಣೂ ಚಂಬಿನ ಮೇಲಿತ್ತು. ಗಾದಿಲಿಂಗಮ್ಮ ಒಳಗೆ ಬಗ್ಗಿ ನೋಡಿದಳು. ತಳದಲ್ಲಿ ನಾಲ್ಕು ಗುಟುಕು ಉಳಿದಿತ್ತು. ಅವಳೂ ಹಸಿದಿದ್ದಳು. ಅವಳಿಗೆ ಮೊದಲು ಆದದ್ದು ಹೆದರಿಕೆ, ಮನೆ ನೆನಪಾಗಿ, ಕುಲದ ಹಿರಿಯರ ಕಟ್ಟೆ ನೆನಪಾಗಿ. ಆಮೇಲೆ ಸುತ್ತ ನಿಂತ ಆ ಕಣ್ಣುಗಳನ್ನು ನೋಡಿ ಸಿಟ್ಟು ಬಂತು. ಇದೇ ಕಣ್ಣುಗಳು ಹೆಣ್ಣು ಬಿದ್ದಾಗ ಎಲ್ಲಿದ್ದವು? ಚಂಬೆತ್ತಿ ಉಳಿದದ್ದನ್ನು ಕುಡಿದಳು. ಅಂಬಲಿ ಅಂಬಲಿಯ ಹಾಗೆಯೇ ಇತ್ತು.

ಸಂಜೆ ಅವಳಿಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು. ಅತ್ತೆ ಉರುಕುಂದಮ್ಮ ಹೊಸ್ತಿಲಿಗೆ ಅಡ್ಡ ಕೂತಿದ್ದಳು.

"ಆ ಚಂಬು ಒಳಗ ತರಬ್ಯಾಡ."

"ಹಂಗಾದ್ರ ನಾನೂ ಬರಂಗಿಲ್ಲತ್ತಿ. ಕುಡದಾಕಿ ನಾನು. ಚಂಬು ಏನ್ ಮಾಡೇತಿ?"

ಅತ್ತೆ ಎದ್ದು ಹೋಗಿ ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ತನ್ನ ಅಡಿಗೆ ಬೇರೆ ಮಾಡಿಕೊಂಡಳು. ಮುಂದೆ ಸಾಯುವವರೆಗೂ ಸೊಸೆಯ ಒಲೆಯದನ್ನು ಅವಳು ಬಾಯಿಗಿಡಲಿಲ್ಲ.

ಗಂಡ ಉಚ್ಚೀರಪ್ಪ ಹತ್ತಿ ಬಂಡಿ ಹೊಡೆಯುವವನು, ಸಾಧು ಮನುಷ್ಯ, ಚಹಾ ಅಂದರೆ ಎತ್ತು ಬಿಟ್ಟು ಓಡುವವನು. ತಲೆ ಕೆಳಗೆ ಹಾಕಿ ಹೇಳಿದ: "ನಾಕು ಮಂದ್ಯಾಗ ನಾ ಹೆಂಗ ಮಾರಿ ತೋರಸಲಿ?"

"ಬಜಾರಪ್ಪನ ಹೋಟ್ಲಾಗ ದಿನಾ ಹತ್ತು ಸಲ ತೋರಸ್ತಿಯಲ್ಲ, ಅಲ್ಲೇ ತೋರಸು."

ಕುಲದ ಹಿರಿಯರು ಕರೆಸಿದರು. ತಪ್ಪಾಯಿತೆಂದು ಹೇಳು, ದೇವರಿಗೆ ಕಾಯಿ ಒಡೆಸು, ಮುಗಿಯಿತು ಎಂದರು. ಅವರು ಕೇಳಿದ್ದು ಅಷ್ಟೇ. ಗಾದಿಲಿಂಗಮ್ಮನಿಗೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. "ಕಾಯಿ ಒಡಸ್ತೀನಿ, ಮಾರೆಮ್ಮ ಬದುಕಿದ್ದಕ್ಕ. ತಪ್ಪಾತು ಅನ್ನಂಗಿಲ್ಲ," ಎಂದು ಎದ್ದು ಬಂದಳು. ಆ ವರ್ಷ ಯಾರ ಮದುವೆಗೂ ಅವಳಿಗೆ ಕರೆ ಬರಲಿಲ್ಲ.

ಮೂರು ದಿನವಾದ ಮೇಲೆ ಮಾರೆಮ್ಮ ಬಂದು ಮೆಲ್ಲಗೆ ಕೇಳಿದಳು: "ಯಕ್ಕಾ, ನಮಗೂ ಅಂಬಲಿ ತರ್ತೀಯೇನು? ನಮಗ ಒಲಿ ಹಚ್ಚಾಕ ಹೊತ್ತಿಲ್ಲ. ನಿನ್ನ ಮನ್ಯಾಗ ಎಮ್ಮಿ ಐತಿ, ಮಜ್ಜಿಗಿ ಐತಿ. ಪುಕ್ಕಟೆ ಬ್ಯಾಡ. ಒಬ್ಬೊಬ್ಬರು ಹಿಡಿ ಹಿಟ್ಟು ತರ್ತೀವಿ." ಸ್ವಲ್ಪ ತಡೆದು ಅಂದಳು: "ನಮ್ಮ ಮನಿ ಹಿಟ್ಟು ನಿನ್ನ ಗಡಿಗ್ಯಾಗ ಬೀಳ್ತೈತೇನು?"

ಬಿದ್ದವಳ ಬಾಯಿಗೆ ಗುಟುಕು ಹಾಕುವುದು ಒಂದು. ಇದು ದಿನಾ, ಎಲ್ಲರ ಕಣ್ಣೆದುರು. ಗಾದಿಲಿಂಗಮ್ಮ ಒಂದು ಗಳಿಗೆ ಹಿಂಜರಿದಳು. ಆ ಗಳಿಗೆಯನ್ನು ಮಾರೆಮ್ಮ ನೋಡಿದಳು, ನೋಡಿದಳೆಂದು ಗಾದಿಲಿಂಗಮ್ಮನಿಗೂ ಗೊತ್ತಾಗಿ ನಾಚಿಕೆಯಾಯಿತು. ಸೆರಗು ಚಾಚಿ, "ಹಾಕು," ಎಂದಳು.

ಸಂಜೆಯೇ ಹಿಟ್ಟು ನೆನೆಹಾಕುವಳು. ಹುಳಿ ಬಂದ ಹಿಟ್ಟನ್ನು ಕುದಿವ ನೀರಿಗೆ ಸುರಿದು, ಗಂಟಾಗದಂತೆ ತಿರುವಿ, ಮಣ್ಣಿನ ಗಡಿಗೆಯಲ್ಲಿ ಆರಬಿಡುವಳು. ಬೆಳಗಿಗೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಬೀಳುತ್ತಿದ್ದವು. ತಲೆಯ ಮೇಲೆ ಹೊತ್ತು ಮಿಲ್ಲಿಗೆ ತಂದು ನೀರಿನ ತೊಟ್ಟಿಯ ನೆರಳಿಗಿಟ್ಟಳು. ಏಕಾಂತಪ್ಪ ಬಂದ.

"ಗಡಿಗಿ ಹೊರಗ ಒಯ್ಯಿ. ಹತ್ತಿಗೆ ಅಂಬಲಿ ಚೆಲ್ಲಿದ್ರ ಸಾಹುಕಾರ್ರಿಗೆ ಯಾರು ಜವಾಬು?"

"ಚಾ ಚೆಲ್ಲಿದ್ರ ಯಾರು ಜವಾಬು ರೀ ಮೇಸ್ತ್ರಿ? ಅದಕ್ಕ ಕಲೆ ಬೀಳಂಗಿಲ್ಲೇನು?"

"ಬಾಯಿ ಜಾಸ್ತಿ ಆತು ನಿಂದು."

"ಹೊಟ್ಟ್ಯಾಗ ಅಂಬಲಿ ಬಿದ್ದ ಮ್ಯಾಲ ಬಾಯಿಗೆ ಬಲ ಬಂದೈತಿ, ಏನ್ ಮಾಡ್ಲಿ?"

ಗಡಿಗೆ ಹೊರಗೆ ಹೋಯಿತು. ಗೇಟಿನ ಪಕ್ಕದ ಬೇವಿನ ಮರದ ಬುಡದಲ್ಲಿ ಕೂತಿತು. ಹತ್ತು ಗಂಟೆಗೆ ಕಾಲು ತಾಸಿನ ಬಿಡುವು. ಮಾರೆಮ್ಮ ಮತ್ತು ಅವಳ ಕೇರಿಯ ಏಳು ಮಂದಿ ಬಂದು ಕುಡಿದರು. ಉಳಿದವರು ಮರದತ್ತ ನೋಡಿ ನೋಡಿ ಬಜಾರಪ್ಪನ ಹೋಟ್ಲಿಗೆ ಹೋದರು. ಅಂಬಲಿಯ ಆಸೆ ಅವರಿಗೂ ಇತ್ತು, ಆದರೆ ಯಾರ ಮನೆಯ ಹಿಟ್ಟು ಅದರಲ್ಲಿದೆಯೆಂದು ಬಜಾರಪ್ಪ ಬಂದವರಿಗೆಲ್ಲ ಹೇಳಿ ಮುಗಿಸಿದ್ದ.

ಎಂಟು ಚಿಪ್ಪು ಕಡಿಮೆಯಾದದ್ದನ್ನೂ ಬಜಾರಪ್ಪನಿಗೆ ಸಹಿಸಲಾಗಲಿಲ್ಲ. ವಾರ ಕಳೆಯುವುದರಲ್ಲಿ ಏಕಾಂತಪ್ಪ ಹಾಜರಿ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದ. ಯಂತ್ರ ಬಿಟ್ಟು ಹೊರಗೆ ಹೋದಳೆಂಬುದು ಕಾರಣ.

"ನಾಳಿಂದ ಬರಬ್ಯಾಡ."

"ಗೇಟಿನ ಒಳಗ ಬರಂಗಿಲ್ಲ," ಎಂದಳು. "ಗೇಟಿನ ಹೊರಗ ನಿಮ್ಮದಲ್ಲಲ್ಲ."

ಮಾತು ಆಡಿ ಬಂದಳೇ ಹೊರತು ಮನೆಗೆ ಬಂದು ಗೋಡೆಗೆ ಒರಗಿ ಅತ್ತಳು. ಹದಿನೈದು ವರ್ಷ ಆ ಯಂತ್ರಕ್ಕೆ ಹತ್ತಿ ಉಣಿಸಿದ್ದಳು. ಉಚ್ಚೀರಪ್ಪ ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಎತ್ತಿಗೆ ಹುಲ್ಲು ಹಾಕಿ ಬಂದು, "ನಾಳಿ ಗಡಿಗಿ ಭಾರ ಆದ್ರ ಬಂಡ್ಯಾಗ ಇಡು. ನಾ ಆ ಕಡಿಗೇ ಹೊಕ್ಕೀನಿ," ಎಂದ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವನು ಆಡಿದ ಮಾತುಗಳಲ್ಲಿ ಅವಳು ಬಹುಕಾಲ ನೆನಪಿಟ್ಟುಕೊಂಡದ್ದು ಅದನ್ನು.

ಮರುದಿನ ಬೇವಿನ ಬುಡದಲ್ಲಿ ಗಡಿಗೆ ಇತ್ತು. ಅದರ ಮರುದಿನವೂ. ಮೂರನೆಯ ದಿನ ಮುನಿಸಿಪಾಲಿಟಿಯ ತೆಲುಗು ಮಾತಿನ ಜವಾನ ಬಂದ. ಯಾರು ಕಳಿಸಿದರೆಂದು ಕೇಳುವ ಅಗತ್ಯವಿರಲಿಲ್ಲ, ಅವನ ಬಾಯಲ್ಲಿ ಇನ್ನೂ ಬಜಾರಪ್ಪನ ಚಹಾದ ವಾಸನೆಯಿತ್ತು.

"ಇಕ್ಕಡ ಏಮೀ ಪೆಟ್ಟಕೂಡದಮ್ಮಾ. ಮುನಿಸಿಪಾಲಿಟಿ ಜಾಗ."

"ನೆಲದ ಮ್ಯಾಲ ಏನೂ ಇಡಬಾರದು. ಅಷ್ಟೇ ಹೌದಲ್ಲ?"

"ಅಂತೇ," ಅಷ್ಟೇ ಎಂದು ಅವನು ತಲೆಯಾಡಿಸಿದ.

ಗಾದಿಲಿಂಗಮ್ಮ ಬಟ್ಟೆಯ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡು, ಮೊಣಕಾಲೂರಿ, ತುಂಬಿದ ಗಡಿಗೆಯನ್ನು ಎತ್ತಿ ಇಟ್ಟುಕೊಂಡು ಎದ್ದು ನಿಂತಳು. "ಈಗ ನೋಡು. ನೆಲದ ಮ್ಯಾಲ ಏನೈತಿ? ನನ್ನ ಎರಡು ಕಾಲು ಅದಾವ. ಅವಕ್ಕೂ ಲೈಸೆನ್ಸು ಬೇಕೇನು?"

ಜವಾನ, ಇಳಿಸುತ್ತಾಳೆ, ಎಷ್ಟು ಹೊತ್ತು ನಿಂತಾಳು ಎಂದು ಎದುರಿನ ಕಲ್ಲಿನ ಮೇಲೆ ಕೂತ. ಬಜಾರಪ್ಪನೂ ಹೋಟ್ಲಿನ ಬಾಗಿಲಿಗೆ ಬಂದು ನಿಂತ. ಯುಗಾದಿ ಕಳೆದ ಬಿಸಿಲು. ಬೇವಿನ ನೆರಳು ಅತ್ತ ಸರಿದಿತ್ತು. ಅತ್ತ ಸರಿದರೆ ಸೋತಂತೆ ಎಂದು ಅವಳಿಗೆ ಯಾಕೋ ಅನ್ನಿಸಿ, ನಿಂತಲ್ಲೇ ನಿಂತಳು. ಮೊದಲು ಕುತ್ತಿಗೆ ಬಿಗಿಯಿತು, ಆಮೇಲೆ ನಡುವಿಗೆ ನೋವಿಳಿಯಿತು. ಬೆವರು ಕಣ್ಣಿಗೆ ಹರಿಯಿತು, ಒರೆಸಲು ಕೈ ಬಿಡುವಂತಿರಲಿಲ್ಲ. ಹತ್ತರ ಗಂಟೆ ಹೊಡೆಯಿತು.

ಹೆಂಗಸರು ಗೇಟಿನಿಂದ ಹೊರಬಂದು ನಿಂತುಬಿಟ್ಟರು. ಗಡಿಗೆ ತಲೆಯ ಮೇಲೆ, ಎರಡು ಕೈಯೂ ಗಡಿಗೆಗೆ. ಕೆಳಗಿಳಿಸಿದರೆ ಜವಾನ ಒಯ್ಯುತ್ತಾನೆ. ತೆಗೆದು ಕೊಡುವವರಿಲ್ಲ. ಗಾದಿಲಿಂಗಮ್ಮ ಸುತ್ತ ನೋಡಿದಳು. ಯಾರನ್ನೂ ಕರೆಯಲಿಲ್ಲ.

ಮಾರೆಮ್ಮ ಗುಂಪಿನಿಂದ ಈಚೆ ಬಂದಳು. ಮರದ ಬುಡದ ಕಲ್ಲನ್ನು ಉರುಳಿಸಿ ತಂದು, ಅದರ ಮೇಲೆ ಹತ್ತಿ ನಿಂತು, ಲೋಟ ಹಿಡಿದ ಕೈಯನ್ನು ಗಡಿಗೆಯೊಳಗೆ ಇಳಿಸಿದಳು. ಎಲ್ಲರೆದುರು, ಮಧ್ಯ ಬೀದಿಯಲ್ಲಿ. ತುಂಬಿದ ಲೋಟ ಮೇಲೆತ್ತಿ ಹೇಳಿದಳು. ದನಿ ಬಜಾರಪ್ಪನ ಬಾಗಿಲಿಗೆ ಕೇಳುವಷ್ಟು ದೊಡ್ಡದಿತ್ತು.

"ಯಾರಿಗೆ ಬೇಕು ಬರ್ರಿ. ನನ್ನ ಕೈಯಾಗಿಂದನ ಕುಡೀಬೇಕು. ಬ್ಯಾಡಾದೋರಿಗೆ ಹೋಟ್ಲು ಐತಿ."

ಮೊದಲು ಅವಳ ಕೇರಿಯವರು ಬಂದರು. ಆಮೇಲೆ ಯಾರೂ ಬರಲಿಲ್ಲ. ಗಡಿಗೆ ಇನ್ನೂ ಅರ್ಧ ತುಂಬಿತ್ತು, ಕುತ್ತಿಗೆಯ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಆಗ ಬಸವಕ್ಕ ಸೆರಗು ಬಿಗಿದು ಮುಂದೆ ಬಂದಳು. ಅವಳು ನಗುತ್ತಿರಲಿಲ್ಲ.

"ಮೂರು ದಿನ ಆತು, ಉಂಡದ್ದು ಒಂದೂ ಹೊಟ್ಟ್ಯಾಗ ನಿಂತಿಲ್ಲ. ವಾಂತ್ಯಾಗ ರಗತ ಬಿದ್ದೈತಿ. ಕೊಡವ್ವಾ ಮಾರೆಮ್ಮ. ಯಾರಾರ ಕೇಳಿದ್ರ ಬಸವಿ ಕುಡದ್ಲು ಅಂತ ಹೇಳ್ರಿ, ನನಗೇನು ಅಂಜಿಕಿಲ್ಲ."

ಅವಳ ಹಿಂದೆ ಇಬ್ಬರು ಬಂದರು. ಅವತ್ತು ಒಟ್ಟು ಹನ್ನೊಂದು ಮಂದಿ ಕುಡಿದರು. ಉಳಿದವರು ಹೋಟ್ಲಿಗೆ ಹೋದರು. ಗಂಟೆ ಹೊಡೆದು ಗೇಟು ಮುಚ್ಚಿದ ಮೇಲೆಯೂ ಗಾದಿಲಿಂಗಮ್ಮ ಗಡಿಗೆ ಇಳಿಸಲಿಲ್ಲ, ಹೊತ್ತುಕೊಂಡೇ ಮನೆಯವರೆಗೆ ನಡೆದಳು.

ಹೀಗೆ ಹತ್ತು ದಿನ ನಡೆಯಿತು. ಹತ್ತು ದಿನವೂ ಜವಾನ ಕಲ್ಲಿನ ಮೇಲೆ ಕೂತು ಕಾದ. ಹನ್ನೊಂದನೆಯ ದಿನ ಬಿಸಿಲಿಗೆ ಅವನ ಬಾಯಿ ಒಣಗಿತು. ಅತ್ತಿತ್ತ ನೋಡಿ ಹತ್ತಿರ ಬಂದು, ಬೊಗಸೆ ಒಡ್ಡಿ, "ನಾಕ್ಕೂಡ ಕೊಂಚೆಂ ಪೊಯ್ಯಮ್ಮಾ," ಎಂದ.

"ನೆಲಕ್ಕ ಇಟ್ಟು ಕೊಡ್ಲೋ, ತಲಿಮ್ಯಾಲಿಂದ ಕೊಡ್ಲೋ?"

ತಾನೇನೂ ನೋಡಿಲ್ಲವೆಂದು ಅವನು ಮುಖ ಆಚೆ ತಿರುಗಿಸಿದ. "ನೇನೇಮೀ ಚೂಡಲೇದು."

ಗಡಿಗೆ ನೆಲಕ್ಕಿಳಿಯಿತು. ಮತ್ತೆ ಯಾರೂ ಅದನ್ನು ಎಬ್ಬಿಸಲಿಲ್ಲ. ಆ ಹತ್ತು ದಿನದ ನೋವು ಮಾತ್ರ ಅವಳ ಕುತ್ತಿಗೆಯಲ್ಲಿ ಉಳಿದುಹೋಯಿತು. ಎಡಕ್ಕೆ ತಿರುಗಬೇಕಾದರೆ ಅವಳು ಇಡೀ ಮೈ ತಿರುಗಿಸುತ್ತಿದ್ದಳು.

ಬಸವಕ್ಕ ಚಹಾ ಬಿಟ್ಟಳು. ಬಿಡುವಾಗ ಅವಳಿಗೂ ತಲೆ ಸಿಡಿಯಿತು. "ಇದೇನು ಬಿಡಾಕ ಹೊಂಟೀನೋ, ಸಾಯಾಕ ಹೊಂಟೀನೋ," ಎಂದು ಗಾದಿಲಿಂಗಮ್ಮನನ್ನು ಬೈದಳು. ತಿಂಗಳೊಳಗೆ ಅವಳ ಮುಖಕ್ಕೆ ಬಣ್ಣ ಬಂತು. ಅದನ್ನು ನೋಡಿ ಇನ್ನಷ್ಟು ಜನ ಬಂದರು. ಆದರೆ ಎಲ್ಲರಿಗೂ ಅಂಬಲಿ ಒಗ್ಗಲಿಲ್ಲ. ಸೋಡಾ ಬೇಡುವವರಿಗೆ ಸಿಹಿ ಬೇಕು, ಮೂಗಿಗೆ ಘಮ ಬೇಕು. ಗಾದಿಲಿಂಗಮ್ಮ ಅಣ್ಣನಿಗೆ ಹೇಳಿ ಕಳಿಸಿದಳು. ಪಂಪಣ್ಣ ಕುರಿ ಮೇಯಿಸುವ ಗುಡ್ಡಗಳಲ್ಲಿ ಸುಗಂಧಿ ಬೇರು ಅಗೆದು ಕಟ್ಟು ಕಟ್ಟಿ ಬಂಡಿಯವರ ಕೈಯಲ್ಲಿ ಕಳಿಸಿದ. ಬೇರನ್ನು ಜಜ್ಜಿ ಕುದಿಸಿ, ಬೆಲ್ಲ ಕರಗಿಸಿ, ತಣ್ಣಗಾದ ಮೇಲೆ ನಿಂಬೆಹಣ್ಣು ಹಿಂಡಿದರೆ ಗೇಟಿನ ತನಕ ಘಮ. ಒಮ್ಮೆ ಬೆಲ್ಲ ಹೆಚ್ಚಾಗಿ ಮಧ್ಯಾಹ್ನಕ್ಕೇ ಹುಳಿತು ನೊರೆ ಬಂತು. ಇಡೀ ಗಡಿಗೆಯನ್ನು ಚರಂಡಿಗೆ ಸುರಿದಳು. ಬಜಾರಪ್ಪ ಆ ವಾರವೆಲ್ಲ ಅದನ್ನೇ ಹೇಳಿ ನಕ್ಕ. ಮರುದಿನ ಅವಳು ಬೆಲ್ಲ ಕಡಿಮೆ ಹಾಕಿ ಮತ್ತೆ ತಂದಳು. ಬಂಡಿ ಹೊಡೆಯುವ ಗಂಡಸರು ಕುಡಿಯತೊಡಗಿದರು. ಉಚ್ಚೀರಪ್ಪ ಸೋಡಾ ಬಿಟ್ಟ. ಚಹಾ ಪೂರ್ತಿ ಬಿಡಲಿಲ್ಲ. ಮುಂಜಾನೆ ಒಂದು, ಸಂಜೆ ಒಂದು, ಅದೂ ಹೆಂಡತಿಯ ಕಣ್ಣು ತಪ್ಪಿಸಿ. ಅವಳಿಗೆ ಗೊತ್ತಿತ್ತು.

ಮುಂದಿನ ಚಳಿಗೆ ಬಿಸಿಯದು ಬೇಕೆಂದವರಿಗೆ ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿ ಮಾಡಿ, ಮೆಣಸು ಬೆಲ್ಲ ಹಾಕಿ ಕಷಾಯ ಕಾಸಿದಳು. ಅಷ್ಟರಲ್ಲಿ ಮಾರೆಮ್ಮನೂ ಮಿಲ್ಲು ಬಿಟ್ಟು ಗಡಿಗೆಯ ಪಕ್ಕಕ್ಕೆ ಬಂದಿದ್ದಳು. ಗಾದಿಲಿಂಗಮ್ಮ ಕಾಸುವವಳು, ಮಾರೆಮ್ಮ ಕೊಡುವವಳು. ಅವಳ ಕೈಯಿಂದ ಬೇಡವೆಂದವರಿಗೆ ಗಾದಿಲಿಂಗಮ್ಮನ ಕೈಯಿಂದಲೂ ಸಿಗುತ್ತಿರಲಿಲ್ಲ.

ಆ ಚಳಿಗಾಲದಲ್ಲೇ ಬಜಾರಪ್ಪ ಜಾಣನಾದ. ಹೋಟ್ಲಿನಲ್ಲಿ ಚಹಾದ ಜೊತೆ ಮಜ್ಜಿಗೆ ಇಟ್ಟ. ಕೂತವರಿಗೆ ಗಾಜಿನ ಗ್ಲಾಸು, ಮಾದರ ಕೇರಿಯವರಿಗೆ ಅದೇ ಚಿಪ್ಪು. ಅಸ್ಪೃಶ್ಯತೆ ಮಾಡಿದವರಿಗೆ ಶಿಕ್ಷೆಯೆಂದು ಸರ್ಕಾರ ಆ ವರ್ಷ ಕಾನೂನು ಮಾಡಿತ್ತು. ಕಷಾಯ ಕುಡಿಯಲು ಬರುವ ಒಬ್ಬ ಮೇಷ್ಟ್ರು ಅದನ್ನು ಪೇಪರಿನಲ್ಲಿ ಓದಿ ಹೇಳಿದ್ದರು. ಮಾರೆಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದ್ದಳು.

"ಯಕ್ಕಾ, ಬಾ. ಬಜಾರಪ್ಪಣ್ಣನ ಮಜ್ಜಿಗಿ ರುಚಿ ನೋಡಿ ಬರೂನು," ಎಂದವಳು ಅವಳೇ.

ಇಬ್ಬರೂ ಹೋಗಿ ಬೆಂಚಿನ ಮೇಲೆ ಕೂತರು. ಬಜಾರಪ್ಪ ಗಾದಿಲಿಂಗಮ್ಮನ ಮುಂದೆ ಗ್ಲಾಸು ಇಟ್ಟ, ಮಾರೆಮ್ಮನ ಮುಂದೆ ಚಿಪ್ಪು. ಗಾದಿಲಿಂಗಮ್ಮ ಎರಡನ್ನೂ ಅದಲುಬದಲು ಮಾಡಿ ಚಿಪ್ಪನ್ನು ತಾನೆತ್ತಿಕೊಂಡಳು. ಮಾರೆಮ್ಮ ಗ್ಲಾಸಿನಲ್ಲಿ ಒಂದು ಗುಟುಕು ಕುಡಿದಳು.

"ನೀರು ಜಾಸ್ತಿ ಆಗೈತಣ್ಣ," ಎಂದಳು. "ಉಪ್ಪು ಇಲ್ಲ."

ಬಜಾರಪ್ಪನ ಮುಖ ಕೆಂಪಾಯಿತು. "ಆ ಗ್ಲಾಸು ಇನ್ನ ನಾನು ಒಡದು ಹಾಕಬೇಕು."

"ಒಡಿ," ಎಂದಳು ಗಾದಿಲಿಂಗಮ್ಮ. "ನಾಳಿಗೂ ಬರ್ತೀವಿ. ಮಿಲ್ಲಾಗ ಇನ್ನ ಏಳು ಮಂದಿ ಅದಾರ, ಅವರೂ ಬರ್ತಾರ. ನಿನ್ನ ಕಡಿ ಎಷ್ಟು ಗ್ಲಾಸು ಅದಾವ?"

ಅವನು ಅವತ್ತು ಒಂದು ಗ್ಲಾಸು ಒಡೆದ. ಮರುದಿನ ಎರಡು. ವಾರದೊಳಗೆ ಒಡೆಯುವುದನ್ನು ಬಿಟ್ಟ, ತೊಳೆಯುವುದನ್ನು ಕಲಿತ. ಮನಸ್ಸನ್ನೂ ತೊಳೆದುಕೊಂಡನೆಂದು ಹೇಳಲಾಗದು. ಮಾರೆಮ್ಮ ಕೂತ ಬೆಂಚಿನಿಂದ ಕೆಲವರು ಎದ್ದು ಹೋಗುವುದು ಆಮೇಲೂ ನಡೆದೇ ಇತ್ತು. ಅವಳು ಪೂರ್ತಿ ಕುಡಿದು ಮುಗಿಸಿಯೇ ಏಳುತ್ತಿದ್ದಳು.

ಐವತ್ತೆಂಟರ ಬೇಸಿಗೆಯಲ್ಲಿ ಮಿಲ್ಲಿನ ಸಾಹುಕಾರರು ಏಕಾಂತಪ್ಪನನ್ನು ಬೇವಿನ ಬುಡಕ್ಕೆ ಕಳಿಸಿದರು. ಎರಡು ವರ್ಷದಿಂದ ಮಿಲ್ಲಿನಲ್ಲಿ ಹೆಂಗಸರು ಬೀಳುವುದು ಕಡಿಮೆಯಾಗಿ ಕೆಲಸ ನಿಲ್ಲದ್ದು ಅವರ ಕಣ್ಣಿಗೆ ಬಿದ್ದಿತ್ತು. ಏಕಾಂತಪ್ಪ ಬಿಸಿಲಲ್ಲಿ ನಿಂತು ಹೇಳಿದ, ನೋಡುತ್ತಿದ್ದುದು ಮಾತ್ರ ಗಡಿಗೆಯ ಕಡೆಗೆ.

"ಸಾಹುಕಾರ್ರು ಒಳಗ ಜಾಗ ಕೊಡ್ತಾರಂತ. ನೆರಳು ಐತಿ, ನೀರು ಐತಿ. ಕೂಲೀನೂ ಕೊಡ್ತಾರ. ನಿನ್ನ ಹೆಸರು ಮತ್ತ ಪಟ್ಟ್ಯಾಗ ಬರೀತೀನಿ. ಒಂದು ಮಾತು, ಗಡಿಗಿ ಮುಟ್ಟೋದು ನೀನೊಬ್ಬಾಕೀನ. ಹೊರಗಿನೋರಿಗೆ ಕೊಡಂಗಿಲ್ಲ."

ನೆರಳಿನ ಆಸೆ ಅವಳಿಗೆ ಆಗಲಿಲ್ಲವೆಂದಲ್ಲ. ಮೂರು ಬೇಸಿಗೆ ಆ ಮರದ ಕೆಳಗೆ ಕಳೆದಿದ್ದಳು, ಕುತ್ತಿಗೆ ಈಗಲೂ ನೋಯುತ್ತಿತ್ತು. ಮಾರೆಮ್ಮ ಪಕ್ಕದಲ್ಲಿ ಲೋಟ ತೊಳೆಯುತ್ತಿದ್ದಳು.

"ಮೇಸ್ತ್ರಿ, ನೀವು ನನ್ನ ಹೊರಗ ಹಾಕಿದ್ದು ಚಲೋ ಆತು," ಎಂದಳು ಗಾದಿಲಿಂಗಮ್ಮ. "ಒಳಗಿದ್ದ ಹದಿನೈದು ವರ್ಷ ನೀವು ಕೊಟ್ಟಿದ್ದು ಕುಡದೆ, ನೀವು ಹೇಳಿದ್ದು ಕೇಳಿದೆ. ಇನ್ನ ಒಳಗ ಬರಂಗಿಲ್ಲ ಅಂತ ಹೇಳ್ರಿ ಸಾಹುಕಾರ್ರಿಗೆ. ಅವರಿಗೆ ಅಂಬಲಿ ಬೇಕಂದ್ರ ಇಲ್ಲಿಗೇ ಬರಲಿ. ಮಾರೆಮ್ಮ ಕೊಡ್ತಾಳ."

ಏಕಾಂತಪ್ಪ ಹೋಗದೆ ಅಲ್ಲೇ ನಿಂತ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮಾರೆಮ್ಮ ಲೋಟ ತುಂಬಿ ಅವನ ಮುಂದೆ ಹಿಡಿದಳು. "ಬಿಸಲಾಗ ನಿಂತೀರಿ. ಕುಡದು ಹೋಗ್ರಿ."

ಅವನು ಲೋಟ ನೋಡಿದ, ಗೇಟಿನ ಕಡೆ ನೋಡಿದ. ಕೈ ಎತ್ತಲಿಲ್ಲ. ಮಾರೆಮ್ಮ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದು, ಆಮೇಲೆ ಅವನ ಹಿಂದೆ ಸರದಿಯಲ್ಲಿ ನಿಂತಿದ್ದ ಎಮ್ಮಿಗನೂರಿನ ಬಂಡಿಯವನಿಗೆ ಆ ಲೋಟವನ್ನು ಕೊಟ್ಟಳು.